ಬ್ರೀಡರ್ ಅಳಿಯ

ಎಲ್ಲ ಎಡವಟ್ಟಿಗೂ ಕಾರಣ ಮದುವೆ ದಲ್ಲಾಳಿ ಯಲ್ಲಪ್ಪನ ಹಳೇ ಫೋನು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ನಿಂತು ಆತ, "ಹುಡುಗ ಜಡೆ ಊರಿನೋನು, ಸೆಂಟ್ರಲ್ ಗೌರ್ಮೆಂಟು, ಬ್ರೀಡರ್ ರಿಯಾಕ್ಟರ್ನಾಗ ಇಂಜಿನಿಯರು, ನಾಳೆ ಹೆಣ್ಣು ನೋಡಾಕ ಬರ್ತಾರ" ಎಂದು ಅರಚಿದ್ದ. ಇತ್ತ ಬಳ್ಳಿಗಾವಿಯಲ್ಲಿದ್ದ ಧರ್ಮಪ್ಪನ ಕಿವಿಗೆ ಬಿದ್ದದ್ದು ಸೆಂಟ್ರಲ್ ಗೌರ್ಮೆಂಟು, ಬ್ರೀಡರ್, ನಾಳೆ ಬರ್ತಾರ, ಅಷ್ಟೇ.

ಕುರಿ ಸಾಕುವವನಿಗೆ ಬ್ರೀಡರ್ ಎಂದರೆ ಬೀಜದ ಟಗರು. ಬೇರೆ ಅರ್ಥ ಇರಬಹುದೆಂದು ಧರ್ಮಪ್ಪನಿಗೆ ಕನಸಿನಲ್ಲೂ ಹೊಳೆಯಲಿಲ್ಲ. ಮಗಳು ಸಂಗೀತ ಬಿಎಸ್ಸಿ ಓದಿದವಳು. ಅವಳು ತನ್ನ ಹಾಗೆ ಬಿಸಿಲಲ್ಲಿ ಕುರಿಯ ಹಿಂದೆ ಅಲೆಯಬಾರದು, ತಿಂಗಳ ಸಂಬಳದವನ ಮನೆ ಸೇರಬೇಕು ಎನ್ನುವುದೊಂದೇ ಅವನ ಆಸೆ. ಸಂಬಳವೂ ಸರ್ಕಾರದ್ದು, ಕೆಲಸವೂ ಟಗರಿನದು ಎಂದಮೇಲೆ ಕೇಳಬೇಕೆ? ಮರುದಿನ ಬೆಳಿಗ್ಗೆಯೇ ತನ್ನ ಟಗರಿಗೆ ಸೋಪು ಹಚ್ಚಿ ತೊಳೆದು ಬಾಗಿಲ ಮುಂದೆ ಕಟ್ಟಿದ. ಆ ಟಗರು ಈಚೆಗೆ ಹೆಣ್ಣು ಕುರಿಗಳ ಕಡೆ ತಿರುಗಿಯೂ ನೋಡದೆ ವೈರಾಗ್ಯ ತಾಳಿತ್ತು. ಅಳಿಯನಾಗುವವನು ಒಂದು ಸಲ ಪರೀಕ್ಷೆ ಮಾಡಿದರೆ ಹೋಗುವುದೇನು?

ಹುಡುಗ ಹರೀಶ, ಅವನ ತಂದೆ ರಂಗಪ್ಪ, ಜೊತೆಗೆ ಯಲ್ಲಪ್ಪ ಬಂದರು. ಯಲ್ಲಪ್ಪ ನೇರವಾಗಿ ಉಪ್ಪಿಟ್ಟಿನ ತಟ್ಟೆಗೆ ತಲೆ ಬಗ್ಗಿಸಿದ. ಧರ್ಮಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

"ನಿಮ್ಮ ಬ್ರೀಡರ್ ಹೆಂಗೈತ್ರಿ?"

ಹರೀಶನ ಮುಖ ಅರಳಿತು. ಹೆಣ್ಣು ನೋಡಲು ಹೋದ ಕಡೆಯೆಲ್ಲ ಸಂಬಳ ಕೇಳಿದವರೇ. ಕೆಲಸದ ಬಗ್ಗೆ ಕೇಳಿದವರು ಇವರೇ ಮೊದಲು. "ಬಹಳ ಚೆನ್ನಾಗಿ ಅದೆ. ತಿಂದಿದ್ದಕ್ಕಿಂತ ಜಾಸ್ತಿ ಹುಟ್ಟಿಸ್ತದೆ."

"ಆಹಾ! ಮೇವೇನು ಹಾಕ್ತೀರಿ?"

ತಮಾಷೆಗೆ ಹಾಗೆ ಕೇಳುತ್ತಿದ್ದಾರೆ ಎಂದುಕೊಂಡ ಹರೀಶ. "ಪ್ಲುಟೋನಿಯಂ. ತಣ್ಣಗಿಡೋಕೆ ಸೋಡಿಯಂ. ಉಪ್ಪಲ್ಲಿ ಇರ್ತದಲ್ಲ, ಅದು."

"ಉಪ್ಪು ನಾವೂ ನೆಕ್ಕಿಸ್ತೀವಿ. ಆ ಇನ್ನೊಂದು ಸೊಪ್ಪು ಈ ಕಡಿ ಸಿಗಂಗಿಲ್ಲ ಬಿಡ್ರಿ."

"ಹೋದ ತಿಂಗಳು ಕ್ರಿಟಿಕಲ್ ಆಯ್ತು."

ಧರ್ಮಪ್ಪ ಕುರ್ಚಿಯಿಂದ ಅರ್ಧ ಎದ್ದ. "ಅಯ್ಯೋ ಪಾಪ! ಡಾಕ್ಟ್ರು ಬಂದಿದ್ರೇನು?"

"ದೊಡ್ಡ ದೊಡ್ಡ ಡಾಕ್ಟರ್‌ಗಳೆಲ್ಲ ಬಂದಿದ್ರು. ಕ್ರಿಟಿಕಲ್ ಆದ ಕೂಡ್ಲೆ ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೇ ಸ್ವೀಟ್ ಹಂಚಿದೆ."

ಧರ್ಮಪ್ಪ ತತ್ತರಿಸುತ್ತ ಅಡುಗೆಮನೆಗೆ ಬಂದ. ಅಲ್ಲಿ ಪಕ್ಕದ ಮನೆಯ ಉಚ್ಚಂಗಮ್ಮ, ಯಾರೂ ಕರೆಯದಿದ್ದರೂ, ಕಾಫಿ ಸೋಸುತ್ತಿದ್ದಳು. ವಿಷಯ ಕೇಳಿ ಸೌಟು ಎತ್ತಿದಳು.

"ಟಗರು ಸಾಯಾಕ ಬಿದ್ರ ಸ್ವೀಟ್ ಹಂಚೋ ಜನ! ಇಂಥೋರಿಗೆ ಮಗಳನ್ನ ಕೊಡ್ತೀಯೇನು ಧರ್ಮಣ್ಣ?"

ಸಂಗೀತ ನಕ್ಕ ನಗುವಿಗೆ ಟ್ರೇಯಲ್ಲಿದ್ದ ಲೋಟಗಳೆಲ್ಲ ಗಲಗಲ ಎಂದವು. "ಅಪ್ಪಾ, ಅದು ಟಗರಲ್ಲ. ಕರೆಂಟ್ ಮಾಡೋ ಅಣು ಸ್ಥಾವರ. ಸುಟ್ಟಿದ್ದಕ್ಕಿಂತ ಜಾಸ್ತಿ ಹೊಸ ಇಂಧನ ಹುಟ್ಟಿಸ್ತೈತಿ, ಅದಕ್ಕ ಬ್ರೀಡರ್ ಅಂತಾರ. ಕ್ರಿಟಿಕಲ್ ಆಯ್ತು ಅಂದ್ರ ಒಲಿ ಹತ್ತಿಕೊಂತು ಅಂತ."

ಧರ್ಮಪ್ಪ ಉಸಿರು ಬಿಡುವಷ್ಟರಲ್ಲಿ ಉಚ್ಚಂಗಮ್ಮ ಮತ್ತೆ ಬಾಯಿ ಹಾಕಿದಳು. "ಅಣು ಅಂದ್ರ ಬಾಂಬ್ ಅಲ್ಲೇನು? ಅಲ್ಲಿ ಕೆಲಸ ಮಾಡೋರ ಮೈ ಕತ್ತಲಾಗ ಮಿಣುಕು ಹುಳದಂಗ ಹೊಳಿತೈತಂತ!"

ಧರ್ಮಪ್ಪನ ತಲೆ ಈಗ ಪೂರ್ತಿ ಗೊಜ್ಜಾಯಿತು. ಹೊರಗೆ ಬಂದವನೇ ಕಿಟಕಿ ಮುಚ್ಚಿದ, ಬಾಗಿಲು ಮುಚ್ಚಿದ, ಲೈಟು ಆರಿಸಿದ. ಕಣ್ಣರಳಿಸಿ ಹರೀಶನನ್ನೇ ನೋಡುತ್ತ ನಿಂತ.

"ಏನ್ರೀ ಇದು, ಕತ್ತಲೆ?" ಎಂದು ರಂಗಪ್ಪ ಗಾಬರಿಯಾದರು.

"ಬಿಸಿಲು ಭಾಳ ಬರ್ತೈತ್ರಿ" ಎಂದ ಧರ್ಮಪ್ಪ. ಹರೀಶನ ಮೈಯಲ್ಲಿ ಎಲ್ಲೂ ಹೊಳಪಿರಲಿಲ್ಲ. ಕತ್ತಲಲ್ಲಿ ಯಲ್ಲಪ್ಪ ಉಪ್ಪಿಟ್ಟು ಜಗಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಬಾಗಿಲು ತೆರೆದಾಗ ಧರ್ಮಪ್ಪನ ಮನಸ್ಸೂ ತೆರೆದಿತ್ತು. ಟಗರಲ್ಲದಿದ್ದರೆ ಹೋಯಿತು ಕತ್ತೆ ಬಾಲ, ಸರ್ಕಾರದ ಸಂಬಳ ಇದೆಯಲ್ಲ! ಕ್ವಾರ್ಟರ್ಸ್ ಕೊಡುತ್ತಾರೆಯೇ ಎಂದು ಕೇಳಿದ. ಕೊಡುತ್ತಾರೆ. ಆಸ್ಪತ್ರೆ? ಅದೂ ಪುಕ್ಕಟೆ. ಮಗಳು ನೆರಳಲ್ಲಿ, ಫ್ಯಾನಿನ ಕೆಳಗೆ ಕೂತಂತೆ ಅವನ ಕಣ್ಣಿಗೆ ಕಟ್ಟಿತು. ಸಂಗೀತ ಹುಡುಗನನ್ನು ನೋಡಿ ತಲೆಯಾಡಿಸಿದಳು. ಊರ ಹಿರಿಯರನ್ನು ಕರೆಸಿ, ಅಲ್ಲೇ ಎಲೆ ಅಡಿಕೆ ಬದಲಾಯಿಸಿ, ಎಲ್ಲರ ಬಾಯಿಗೂ ಸಕ್ಕರೆ ಹಾಕಿದ್ದಾಯಿತು. ಇನ್ನು ಮಾತು ತಪ್ಪುವಂತಿರಲಿಲ್ಲ.

"ಈಗ ಹೇಳ್ಲಾ ಅಪ್ಪಾ?" ಎಂದ ಹರೀಶ.

ರಂಗಪ್ಪನವರು ಇದ್ದಕ್ಕಿದ್ದಂತೆ ಮಾಡಿನ ಹಂಚು ನೋಡತೊಡಗಿದರು.

"ಮಾವ, ನಾನು ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದೀನಿ. ಕಂಟ್ರೋಲ್ ರೂಮಲ್ಲಿ ಕೂತು ಗೋಡೆ ಮೇಲಿನ ದೀಪ ನೋಡಿ ನೋಡಿ ಸಾಕಾಯ್ತು. ಕುರಿ ಸಾಕ್ಬೇಕು ಅಂತ ಆಸೆ. ಅದಕ್ಕೇ ಕುರಿ ಇರೋ ಮನೆ ಹುಡುಗಿನೇ ಬೇಕು ಅಂತ ಯಲ್ಲಪ್ಪನವರಿಗೆ ಹೇಳಿದ್ದೆ. ಎಲೆ ಅಡಿಕೆ ಆದ್ಮೇಲೆ ಹೇಳು ಅಂದವರು ಅಪ್ಪ. ನಾನು, ಸಂಗೀತ ಇಲ್ಲೇ ಇದ್ದು ಕುರಿ ಮೇಯಿಸ್ತೀವಿ."

ಧರ್ಮಪ್ಪನ ಬಾಯಲ್ಲಿದ್ದ ಸಕ್ಕರೆ ಹಾಗೇ ಉಳಿಯಿತು. ಹರೀಶ ಆಗಲೇ ಪ್ಯಾಂಟು ಮಡಚಿಕೊಂಡು ದೊಡ್ಡಿಗೆ ಇಳಿದಿದ್ದ. ಹಿಂಡಿನ ನಡುವೆ ನಿಂತು, ಅತ್ತ ಇತ್ತ ನೋಡಿ, ಸಂಕೋಚದಿಂದ ಕೂಗಿದ.

"ಮಾವ, ಮೊದ್ಲು ಇದೊಂದು ಹೇಳ್ಕೊಡಿ. ಇದರಲ್ಲಿ ಕುರಿ ಯಾವುದು, ಮೇಕೆ ಯಾವುದು?"