ಬಾಟಲಿ ಬಂದ ಬಾಗಿಲು

ಎದುರಿನ ಹೇರ್ ಕಟಿಂಗ್ ಅಂಗಡಿಯ ಮುಂದೆ ಬೆಳಬೆಳಗ್ಗೆಯೇ ಜನ ಸಾಲುಗಟ್ಟಿದ್ದನ್ನು ಕಂಡು ಟೈಲರನಿಗೆ ಹೊಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು. ಅವನು ಈ ಬೀದಿಯಲ್ಲಿ ಅಂಗಡಿ ತೆರೆದು ಇನ್ನೂ ತಿಂಗಳಾಗಿರಲಿಲ್ಲ. ಅಳತೆ ಕೊಟ್ಟವರಿಗಿಂತ ದಾರಿ ಕೇಳಿ ಹೋದವರೇ ಹೆಚ್ಚು.

ಸಾಲಿನಲ್ಲಿದ್ದವರ ಕೈಯಲ್ಲೆಲ್ಲ ಖಾಲಿ ಬಾಟಲಿ. ಸೋಡಾ ಬಾಟಲಿ ಹಿಂದಿರುಗಿಸಿದರೆ ಠೇವಣಿ ವಾಪಸ್ ಎಂಬ ಕಾನೂನು ಮೊದಲೇ ಇತ್ತು. ಇವತ್ತಿನಿಂದ ಹಾಲು, ನೀರು, ಹಣ್ಣಿನ ರಸದ ಬಾಟಲಿಗೂ ಅದನ್ನು ಪ್ಯಾಂಟಿನ ಸೊಂಟ ಬಿಡಿಸಿದ ಹಾಗೆ ಹಿಗ್ಗಿಸಿದ್ದರು. ಬಾಟಲಿ ವಾಪಸ್ ಪಡೆಯುವ ಕೇಂದ್ರ ಬೀದಿಗೆಲ್ಲ ಒಂದೇ, ಕಟಿಂಗ್ ಅಂಗಡಿಯ ಜಗಲಿ.

“ಊರೆಲ್ಲ ಅವನ ಬಾಗಿಲಲ್ಲೇ ಇದೆ ಕಣ್ರೀ,” ಎಂದಳು ಹೆಂಡತಿ, ಕಾಜಾ ಹೊಲಿಯುತ್ತ. “ನಮ್ಮ ಕನ್ನಡಿ ಮುಂದೆ ನಿಂತ್ಕೊಳ್ಳೋಕೆ ನಾವಿಬ್ರೇ.”

ಅಷ್ಟರಲ್ಲಿ ಒಳಗೆ ಬಂದ ಪಕ್ಕದ ವಾಚ್ ರಿಪೇರಿ ಯಜಮಾನರು ಉರಿಗೆ ಎಣ್ಣೆ ಸುರಿದರು. “ಬಾಟಲಿ ಕೊಟ್ಟವರು ಹಾಗೇ ಕುರ್ಚಿ ಮೇಲೂ ಕೂತ್ಕೋತಾರೆ. ನಿನ್ನ ಜಗಲಿ ಅವನದಕ್ಕಿಂತ ಅಗಲ ಅಲ್ವೇನಪ್ಪಾ? ನಗರಸಭೆ ಸಾಹೇಬರು ಬಂದಿದ್ದಾರೆ ನೋಡು. ಒಂದು ಮಾತು ಕೇಳೋದಕ್ಕೇನು?”

ಟೈಲರ್ ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಓಡಿದ. “ಸಾರ್, ಅಲ್ಲಿ ಬರೀ ಕೂದಲು. ನಮ್ಮಲ್ಲಿ ಕಸ ಅಂದ್ರೆ ನಾಲ್ಕು ದಾರದೆಳೆ. ಬೇಕಾದ್ರೆ ಜಗಲಿ ಅಳೆದೇ ತೋರಿಸ್ತೀನಿ!”

ಸಾಹೇಬರು ಅಳೆಯಲು ಬಿಡಲಿಲ್ಲ. “ಬೇಡ, ಬೇಡ. ಕೇಂದ್ರ ನಿಮ್ದೇ. ಆದ್ರೆ ಇನ್ನೊಬ್ಬರು ಒಪ್ಪೋವರೆಗೂ ಬಿಡೋ ಹಾಗಿಲ್ಲ.”

“ಬಿಡೋದಾ? ಸತ್ರೂ ಬಿಡಲ್ಲ ಸಾರ್!”

ಕಟಿಂಗ್ ಅಂಗಡಿಯವನು ಜಗಳಕ್ಕೆ ಬರುತ್ತಾನೆಂದು ಟೈಲರ್ ತೋಳು ಮಡಿಸಿ ನಿಂತ. ಅವನು ಬಂದದ್ದೇನೋ ನಿಜ, ಬಾಟಲಿ ತುಂಬಿದ ಕ್ರೇಟು ಹೊತ್ತುಕೊಂಡು. “ಎಲ್ಲಿಡ್ಲಿ ಅಣ್ಣಾ?” ಎನ್ನುತ್ತ ಎಲ್ಲವನ್ನೂ ತಾನೇ ಸಾಗಿಸಿ, ಹೋಗಿ ತನ್ನ ಜಗಲಿ ತೊಳೆದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಟೈಲರನ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬನಾದರೂ ಬಟ್ಟೆ ತಂದಿರಲಿಲ್ಲ. ಬಾಟಲಿಯ ತಳದಲ್ಲಿ ಉಳಿದ ಹಾಲು ನಾರಿತು. ಹಣ್ಣಿನ ರಸದ ಜಾಡು ಹಿಡಿದು ಇರುವೆ ಬಂದವು, ಹಿಂದೆಯೇ ಕಣಜದ ಹುಳು. ತೂಗುಹಾಕಿದ್ದ ಬಿಳಿ ಕೋಟಿಗೆ ಅಜ್ಜಿಯೊಬ್ಬರು ಅಂಟುಗೈ ಒರೆಸಿ, “ಟವೆಲ್ ಚೆನ್ನಾಗಿದೆಯಪ್ಪ,” ಎಂದು ಮೆಚ್ಚಿದರು. ಆ ಕೋಟು ತೊಡಬೇಕಾದ ಮದುಮಗ ಅವರ ಹಿಂದೆಯೇ ನಿಂತಿದ್ದ.

ಸಾಲಿನಲ್ಲಿ ನಿಂತು ಕಾಲು ಸೋತವರು ರಸ್ತೆ ದಾಟಿ ಕಟಿಂಗ್ ಅಂಗಡಿಯಲ್ಲಿ ಕೂತರು. ಕೂತವರು ಸುಮ್ಮನೆ ಯಾಕೆಂದು ತಲೆ ಕೊಟ್ಟರು. ಅಲ್ಲಿನ ಕತ್ತರಿಯ ಕಚಕಚ ಟೈಲರನ ಕರುಳನ್ನೇ ಕತ್ತರಿಸಿದಂತೆ ಕೇಳಿಸಿತು.

ಸಂಜೆ ಅವನು ಪಕ್ಕದಂಗಡಿಗೆ ಹೋಗಿ ಬಲವಂತದ ನಗು ತಂದುಕೊಂಡ. “ಯಜಮಾನರೇ, ಎಷ್ಟು ಜನ ಬಂದ್ರು ನೋಡಿದ್ರಲ್ಲ! ಕೇಂದ್ರ ನೀವೇ ತಗೊಳ್ಳಿ. ದೊಡ್ಡವರು, ನಿಮಗಾಗಿ ಬಿಟ್ಟುಕೊಡ್ತೀನಿ.”

ಯಜಮಾನರು ಕಣ್ಣಿನ ಮಸೂರ ತೆಗೆದಿಟ್ಟರು. “ನೀನು ಬರೋ ಮೊದಲು ಅದು ನನ್ನ ಹತ್ರಾನೇ ಇತ್ತಪ್ಪ. ಹೀಗೇ ನಕ್ಕೊಂಡು ಆ ಕಟಿಂಗ್ ಅಂಗಡಿಯವನ ತಲೆಗೆ ಕಟ್ಟಿದ್ದೆ. ಕಾನೂನು ಹಿಗ್ತಿದೆ ಅಂತ ಗೊತ್ತಾದ ದಿನ ಅವನು ಬಂದು, ಬೇರೆ ಯಾರನ್ನಾದ್ರೂ ಹುಡುಕಿ, ಇಲ್ಲಾಂದ್ರೆ ನಿಮಗೇ ವಾಪಸ್ ಅಂತ ಕೂತ.”

“ಅದಕ್ಕೇ ಬೆಳಗ್ಗೆ...” ಟೈಲರ್ ತನ್ನ ಅಗಲವಾದ ಜಗಲಿಯತ್ತ ತಿರುಗಿ ನೋಡಿದ.

“ಅದಕ್ಕೇ.” ಯಜಮಾನರು ಅವನ ಹೆಗಲು ತಟ್ಟಿದರು. “ನಿನ್ನ ಆ ಪಕ್ಕದ ಮಳಿಗೆ ಖಾಲಿ ಇದೆ. ಯಾರಾದ್ರೂ ಬಾಡಿಗೆಗೆ ಬರ್ತಾರೆ. ಬಂದ ತಕ್ಷಣ ಬಾಯಿ ಬಿಡ್ಬೇಡ. ಮೊದಲು ಅವನಿಗೆ ಚೆನ್ನಾಗಿ ಹೊಟ್ಟೆ ಉರೀಲಿ.”