ನಲವತ್ತೆರಡನೆಯ ಚಪ್ಪಡಿ

ಮೈಲಾಪೂರಿನ ನಮ್ಮ ವಾರ್ಡನ್ನು ನಡೆಸುತ್ತಿರುವುದು ನನ್ನ ಅತ್ತೆ. ಈ ಸಂಗತಿ ಕೌನ್ಸಿಲರಿಗೆ ಗೊತ್ತಿಲ್ಲ, ಎಂಜಿನಿಯರಿಗೆ ಅನುಮಾನವಿದೆ, ಅತ್ತೆಗೆ ಮಾತ್ರ ಯಾವ ಸಂದೇಹವೂ ಇಲ್ಲ. ಹಗಲಲ್ಲಿ ಉರಿಯುವ ಬೀದಿದೀಪದ ಬಗ್ಗೆ ದೂರು ಕೊಡುವುದು, ಚರಂಡಿಯ ಮುಚ್ಚಳ ಅಲುಗಿದರೆ ಊರಿಗೆಲ್ಲ ಸಾರುವುದು, ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನು ಗದರಿಸುವುದು ಎಲ್ಲ ಅವಳದೇ ಜವಾಬ್ದಾರಿ. ಹೌದು, ಕೊಂಬೆಯನ್ನೇ ಗದರಿಸುತ್ತಾಳೆ. ನಾನು ಕಿವಿಯಾರೆ ಕೇಳಿದ್ದೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮದು ಮೈಸೂರು ಕಡೆಯ ಮನೆತನ, ಆದರೆ ತಾತನ ಕಾಲದಿಂದ ಚೆನ್ನೈನಲ್ಲೇ, ರೈಲ್ವೆಯ ನೆರಳಿನಲ್ಲೇ. ಅತ್ತೆಯೂ ರೈಲ್ವೆಯವಳು. ನಿವೃತ್ತಿಯಾಗುವವರೆಗೆ ನಿಲ್ದಾಣದ ಗಾಜಿನ ಕೋಣೆಯೊಂದರಲ್ಲಿ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಮೂರು ಭಾಷೆಗಳಲ್ಲಿ ಪ್ರಕಟಿಸುತ್ತಿದ್ದಳು. ನಿವೃತ್ತಿಯ ದಿನ ಮೈಕನ್ನು ಅಲ್ಲೇ ಬಿಟ್ಟು, ಅಭ್ಯಾಸವನ್ನು ಮನೆಗೆ ತಂದಳು. ಇವತ್ತಿಗೂ ಅವಳು ಏನನ್ನೇ ಹೇಳಲಿ, ಮೂರು ಭಾಷೆಯಲ್ಲಿ ಹೇಳುತ್ತಾಳೆ.

“ಪುಟ್ಟೀ, ಹಾಲು ಉಕ್ತಾ ಇದೆ. ಪಾಲ್ ಪೊಂಗುದು. ಮಿಲ್ಕ್ ಈಸ್ ಬಾಯ್ಲಿಂಗ್ ಓವರ್.”

ಇಂಗ್ಲಿಷ್ ಮುಗಿಯುವಷ್ಟರಲ್ಲಿ ಹಾಲು ಒಲೆಯ ಮೇಲೆಲ್ಲ ಹರಿದಿರುತ್ತದೆ.

ನಾನು ಇದಕ್ಕೆ ತೀರ ವಿರುದ್ಧ. ಎಂ.ಎ. ಮುಗಿಸಿ ಒಂದು ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡುತ್ತೇನೆ. ಬಾಯಿ ಮುಚ್ಚಿಕೊಂಡಿರುವುದನ್ನು ಅರ್ಹತೆ ಎಂದು ಪರಿಗಣಿಸುವ ಕೆಲಸ ಅದೊಂದೇ ಇರಬೇಕು. ಗ್ರಂಥಾಲಯಕ್ಕೆ ಹತ್ತಿರವೆಂದು ಅತ್ತೆಯ ಮನೆಯಲ್ಲಿದ್ದೇನೆ. ಮೊದಲ ಮಹಡಿ, ಬಿಸಿಲಿಗೆ ಬಣ್ಣ ಹೋದ ಹಳೆಯ ಫ್ಲ್ಯಾಟು. ಅಪ್ಪ ಅಮ್ಮ ಬೆಸೆಂಟ್ ನಗರದಲ್ಲಿದ್ದಾರೆ. ಅಪ್ಪ ವಿಮಾ ಕಚೇರಿಯಲ್ಲಿ ಅಧಿಕಾರಿ. ಆ ಕೆಲಸದ ದೆಸೆಯಿಂದ ಅವರ ಕಣ್ಣಿಗೆ ಬಾಳೆಹಣ್ಣಿನ ಸಿಪ್ಪೆಯಿಂದ ಬಂಗಾಳಕೊಲ್ಲಿಯವರೆಗೆ ಪ್ರತಿಯೊಂದೂ ಅಪಾಯವೇ.

ಹೀಗಿರುವಾಗ, ಕಳೆದ ವರ್ಷ ಅತ್ತೆ ಬಿದ್ದಳು! ನಮ್ಮ ಕಟ್ಟಡದ ಎದುರು, ಇಸ್ತ್ರಿ ಗಾಡಿಯ ಪಕ್ಕದಲ್ಲಿ, ಪಾದಚಾರಿ ಹಾದಿಯ ಒಂದು ಚಪ್ಪಡಿ ಅಡಿಯ ಮಣ್ಣು ಕುಸಿದು ತೂಗುಮಣೆಯಂತಾಗಿತ್ತು. ಒಂದು ತುದಿಗೆ ಕಾಲಿಟ್ಟರೆ ಇನ್ನೊಂದು ತುದಿ ಎದ್ದು ನಮಸ್ಕಾರ ಹೇಳುತ್ತಿತ್ತು. ಅತ್ತೆಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಅಪ್ಪ ಬಂದು ತೀರ್ಪು ಕೊಟ್ಟರು.

“ಅಕ್ಕ, ಇದೇ ಕೊನೆ. ಇನ್ನೊಂದ್ಸಲ ಬಿದ್ರೆ ಮನೆ ಖಾಲಿ ಮಾಡ್ಕೊಂಡು ನಮ್ಜೊತೆ ಬಂದ್ಬಿಡ್ಬೇಕು. ಒಬ್ಬಳೇ ರಸ್ತೆಗೆ ಇಳಿಯೋ ಹಾಗಿಲ್ಲ. ಹಾಯಾಗಿ ಬಾಲ್ಕನೀಲಿ ಕೂತು ಸಮುದ್ರ ನೋಡು.”

“ಸಮುದ್ರ ಎಷ್ಟೂಂತ ನೋಡ್ಲೋ? ಅದರ ಮೇಲೆ ಒಂದು ಕಂಪ್ಲೇಂಟೂ ಕೊಡಕ್ಕಾಗಲ್ಲ!”

ನಾವು ನಕ್ಕೆವು. ಅತ್ತೆ ನಗಲಿಲ್ಲ. ಒಬ್ಬಳೇ ಬೀದಿಗಿಳಿದು, ದೇವಸ್ಥಾನದ ಕೊಳದ ಸುತ್ತ ಒಂದು ಸುತ್ತು ಹಾಕಿ, ಕೀರೆಸೊಪ್ಪು ಮಾರುವವಳ ಜೊತೆ ಜಗಳವಾಡಿ, ಎರಡು ದೂರು ದಾಖಲಿಸಿ ಮನೆಗೆ ಬರದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ. ಅವಳ ಇಡೀ ಸ್ವಾತಂತ್ರ್ಯ ಈಗ ಎರಡಡಿ ಉದ್ದದ ಒಂದು ಕಲ್ಲಿನ ಮೇಲೆ ನಿಂತಿತ್ತು. ಆ ಕಲ್ಲೋ, ನಿಂತಲ್ಲಿ ನಿಲ್ಲುತ್ತಿರಲಿಲ್ಲ!

ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ವಾರ್ಡ್ ಕಚೇರಿಯಲ್ಲಿ ಕಾಮಗಾರಿ ಮತ್ತು ಸುರಕ್ಷತಾ ಸಮಿತಿಯ ಸಭೆ ನಡೆಯುತ್ತದೆ. ಸಾರ್ವಜನಿಕರಿಗೆ ಪ್ರವೇಶವಿದೆ. ಸಾರ್ವಜನಿಕರು ಎಂದರೆ ಮೂವರು: ಅತ್ತೆ, ಅತ್ತೆ ಎಳೆದುಕೊಂಡು ಹೋದ ನಾನು, ಮತ್ತು ಫ್ಯಾನಿನ ಗಾಳಿಗಾಗಿ ಬಂದು ನಿದ್ದೆ ಮಾಡುವ ಒಬ್ಬ ಹಿರಿಯರು. ಸಭೆಯಲ್ಲಿ ಬೀದಿದೀಪ, ಮುಚ್ಚಳ, ಕೊಂಬೆ, ರಸ್ತೆ ಉಬ್ಬು ಸರದಿಯಂತೆ ಬರುತ್ತವೆ. ಉಬ್ಬಿನ ವಿಷಯ ಬಂದಾಗ ಮಾತ್ರ ಎಲ್ಲರೂ ಎಚ್ಚರಾಗುತ್ತಾರೆ. ಏಕೆಂದರೆ ಪ್ರತಿಯೊಬ್ಬರಿಗೂ ತಮ್ಮ ಮನೆಯ ಮುಂದೆ ಉಬ್ಬು ಬೇಕು, ದಾರಿಯಲ್ಲಿ ಇನ್ನೆಲ್ಲೂ ಬೇಡ!

“ಪುಟ್ಟಿ, ಅಜೆಂಡಾ ಓದು. ಕನ್ನಡಕ ಮನೇಲೇ ಬಿಟ್ಬಂದೆ” ಎಂದು ಅತ್ತೆ ಪಿಸುಗುಟ್ಟಿದಳು. ಅವಳ ಪಿಸುಮಾತು ಎರಡು ಪ್ಲಾಟ್‌ಫಾರ್ಮಿಗೆ ಕೇಳುವಂಥದು. ಹಿರಿಯರು ಎಚ್ಚರಾದರು.

ಸರದಿ ಬಂದಾಗ ಅತ್ತೆ ಎದ್ದು ತೂಗುವ ಚಪ್ಪಡಿಯ ವಿಷಯವನ್ನು ಮೂರು ಭಾಷೆಗಳಲ್ಲಿ ಮಂಡಿಸಿದಳು. ಯುವಕ ಎಂಜಿನಿಯರು ತಾಳ್ಮೆಯಿಂದ ಕೇಳಿ, “ಅಮ್ಮಾ, ಅಂದ ಕಲ್ಲೋಡ ನಂಬರ್ ಎನ್ನ?” ಎಂದ.

ಕಲ್ಲಿಗೆ ನಂಬರೇ? ದೀಪದ ಕಂಬಕ್ಕೆ ನಂಬರಿದೆ, ಮುಚ್ಚಳಕ್ಕೆ ನಂಬರಿದೆ, ಮರಕ್ಕೂ ಇದೆ. ಚಪ್ಪಡಿಗೆ ಇಲ್ಲ. ನಂಬರಿಲ್ಲದ್ದನ್ನು ಫಾರಮ್ಮಿನಲ್ಲಿ ತುಂಬುವುದು ಹೇಗೆಂದು ಅವನು ಪ್ರಾಮಾಣಿಕವಾಗಿಯೇ ಚಿಂತೆಗೆ ಬಿದ್ದ.

ಮರುದಿನ ಬೆಳಿಗ್ಗೆ ಅತ್ತೆ ಸೀಮೆಸುಣ್ಣ ಹಿಡಿದು ಬೀದಿಯ ತುದಿಯಿಂದ ಒಂದು, ಎರಡು, ಮೂರು ಎಂದು ಚಪ್ಪಡಿಗಳಿಗೆ ನಂಬರು ಹಾಕಿಕೊಂಡು ಬಂದಳು. ನಮ್ಮ ಕಲ್ಲು ನಲವತ್ತೆರಡನೆಯದು. ಮಧ್ಯಾಹ್ನ ನೀರಿನ ಲಾರಿ ಬಂದು, ಸೋರುತ್ತ ನಿಂತು, ಎಲ್ಲ ಅಂಕಿಗಳನ್ನೂ ತೊಳೆದುಕೊಂಡು ಹೋಯಿತು. ಸೋರುವ ಲಾರಿಯ ಮೇಲೆ ಇನ್ನೊಂದು ದೂರು!

ಇಷ್ಟಾದ ಮೇಲೆ ಅತ್ತೆಗೆ ಹೊಳೆದದ್ದೇ ರಂಗೋಲಿ.

ಯೋಚಿಸಿ ನೋಡಿ. ಈ ಊರಿನ ಜನ ಹಳದಿ ಪಟ್ಟಿ ಕಟ್ಟಿದರೆ ಕೆಳಗೆ ನುಸುಳುತ್ತಾರೆ. ಕೆಂಪು ಬಾವುಟ ನೆಟ್ಟರೆ ಅದಕ್ಕೆ ಒರಗಿ ಫೋನಿನಲ್ಲಿ ಮಾತನಾಡುತ್ತಾರೆ. ಆದರೆ ಮೈಲಾಪೂರಿನಲ್ಲಿ ಕೋಲವನ್ನು, ಎಂದರೆ ನಮ್ಮ ರಂಗೋಲಿಯನ್ನು, ತುಳಿಯುವವರನ್ನು ನೀವು ಕಂಡಿದ್ದೀರಾ? ಅತ್ತೆ ಬೆಳಿಗ್ಗೆ ಆರಕ್ಕೆ ಇಳಿದು ನಲವತ್ತೆರಡನೆಯ ಚಪ್ಪಡಿಯ ಮೇಲೆ ಚುಕ್ಕಿಯಿಟ್ಟು ಸುತ್ತುಗೆರೆ ಎಳೆದಳು. ಏಳರ ಹೊತ್ತಿಗೆ ಇಡೀ ಬೀದಿ ಬಳಸಿಕೊಂಡು ನಡೆಯುತ್ತಿತ್ತು. ಶಾಲೆಯ ಮಕ್ಕಳು ಬಳಸಿದರು, ಪೇಪರಿನವನು ಸೈಕಲ್ಲಿಳಿದು ತಳ್ಳಿಕೊಂಡು ಹೋದ, ಒಂದು ಆಟೋ ಪಾದಚಾರಿ ಹಾದಿಗೆ ಏರಲು ಬಂದು ಸಂಕೋಚದಿಂದ ಹಿಂದೆ ಸರಿಯಿತು. ಆಟೋಗೆ ಸಂಕೋಚ! ಚೆನ್ನೈನಲ್ಲಿ! ಅತ್ತೆ ಬಾಲ್ಕನಿಯಲ್ಲಿ ನಿಂತು ಕಾಫಿ ಕುಡಿಯುತ್ತ, ಒಬ್ಬ ಪಾದಚಾರಿಯನ್ನೂ ಬಿಡದೆ ನೋಡಿದಳು.

ಅಂದಿನಿಂದ ಇದು ನಿತ್ಯದ ಕೆಲಸವಾಯಿತು. ನನ್ನ ಕಸುಬಿನ ಚಾಳಿ, ಎಲ್ಲವನ್ನೂ ಗಮನಿಸಿಡುತ್ತೇನೆ. ಮೊದಲ ವಾರದ ಗೆರೆಗಳು ನೂಲಿನಂತಿದ್ದವು. ಮೂರನೆಯ ವಾರಕ್ಕೆ ಬೆರಳಿನಷ್ಟು ದಪ್ಪ. ಚುಕ್ಕಿಗಳು ಒಂದೊಂದು ಸಾಲು ಬಿಟ್ಟು ಅಲೆದಾಡತೊಡಗಿದವು. “ದೂರದಿಂದ ಕಾಣ್ಬೇಕಲ್ಲೇ, ಅದಕ್ಕೇ” ಎಂದಳು ಅತ್ತೆ. ಸರಿಯೆನ್ನಿಸಿತು. ಗಮನಿಸುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಒಂದೇ ಒಂದು ತೊಂದರೆ. ನಮ್ಮ ಜನ ಕೋಲವನ್ನು ತುಳಿಯದಿದ್ದರಷ್ಟೇ ಸಾಕು ಎಂದು ಸುಮ್ಮನಿರುವವರಲ್ಲ. ಮೊದಲು ಯಾರೋ ಒಂದು ದಾಸವಾಳ ಇಟ್ಟರು. ಮರುದಿನ ಅರಿಶಿನ ಕುಂಕುಮ ಕಾಣಿಸಿಕೊಂಡಿತು. ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದರು. ಇಸ್ತ್ರಿ ಗಾಡಿಯವನು ತನ್ನ ಮೊದಲ ಕೆಂಡವನ್ನು ಆ ದಿಕ್ಕಿಗೆ ತೋರಿಸಿ ಕೆಲಸ ಶುರು ಮಾಡತೊಡಗಿದ.

“ಅಯ್ಯಯ್ಯೋ, ನಾಳೆ ಹುಂಡಿ ಇಟ್ಬಿಡ್ತಾರೆ ಕಣೇ!” ಎಂದು ಅತ್ತೆ ಗಾಬರಿಯಾದಳು. ಆದರೂ ರಂಗೋಲಿ ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ಯಾರೋ ಬೀಳುತ್ತಾರೆ.

ಕೊನೆಗೂ ಒಂದು ಬುಧವಾರ ಕೆಲಸದವರು ಬಂದರು. ಸಿಮೆಂಟು, ಮರಳು, ಹೊಸ ಚಪ್ಪಡಿ ಎಲ್ಲ ಬಂತು. ಸಂಜೆ ನಾನು ಗ್ರಂಥಾಲಯದಿಂದ ಬಂದಾಗ ಬೀದಿಯುದ್ದಕ್ಕೂ ಒಂದರಿಂದ ನಲವತ್ತೊಂದು, ನಲವತ್ತಮೂರರಿಂದ ಕೊನೆಯವರೆಗೆ, ಕನ್ನಡಿಯಂಥ ಹೊಸ ಹಾದಿ! ನಡುವೆ, ಕೋಲ ಹೊತ್ತು, ದಾಸವಾಳ ಮುಡಿದು, ನಲವತ್ತೆರಡನೆಯದು ಹಾಗೆಯೇ ತೂಗುತ್ತಿತ್ತು.

ಅತ್ತೆ ಮೇಸ್ತ್ರಿಯ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಮೇಸ್ತ್ರಿ ಕೆನ್ನೆ ಕೆನ್ನೆ ಬಡಿದುಕೊಂಡ. “ಅದು ಸಾಮಿ ಕಲ್ಲು ಮಾ! ಅದು ಮೇಲ ಕೈ ವೆಕ್ಕ ಮಾಟ್ಟೋಂ.” ದೇವರ ಕಲ್ಲಿನ ಮೇಲೆ ಕೈಯಿಡುವುದಿಲ್ಲವಂತೆ.

“ಸಾಮಿ ಅಲ್ಲಪ್ಪಾ, ನಾನೇ! ನಾನ್ ದಾನ್! ಇಟ್ ಈಸ್ ಮೀ!” ಎಂದಳು ಅತ್ತೆ. ಇದರಿಂದ ಮೇಸ್ತ್ರಿಯ ಭಕ್ತಿ ಇನ್ನಷ್ಟು ಹೆಚ್ಚಿತು.

ಮುಂದಿನ ಗುರುವಾರದ ಸಭೆಯಲ್ಲಿ ‘ಕಾಮಗಾರಿ ಪೂರ್ಣ’ ಎಂದು ಓದಲಾಯಿತು. ಸಾಕ್ಷಿಗೆ ಫೋಟೊ ಇತ್ತು. ಫೋಟೊದ ನಟ್ಟನಡುವೆ ಅತ್ತೆಯ ರಂಗೋಲಿ! ಅಧ್ಯಕ್ಷೆ ಅದನ್ನು ಮೆಚ್ಚಿ, ಬೀದಿಯ ಸೌಂದರ್ಯಕ್ಕೆ ನಾಗರಿಕರ ಕೊಡುಗೆ ಎಂದು ನಡಾವಳಿಯಲ್ಲಿ ಬರೆಸಿದರು. ಅತ್ತೆ ಎದ್ದು ನಿಂತು ಮಾತನಾಡಿದ್ದನ್ನು ಬರೆಸಲಿಲ್ಲ. ಬರೆಸುವಂತೆಯೂ ಇರಲಿಲ್ಲ, ಮೂರೂ ಭಾಷೆಯಲ್ಲಿ. ಎಂಜಿನಿಯರು ಮಾತ್ರ ಹೊರಗೆ ಬಂದು ಮೆಲ್ಲಗೆ, ಭಾನುವಾರ ಒಂದು ದಿನ ಕೋಲ ಹಾಕದೆ ಕಲ್ಲನ್ನು ತೊಳೆದು ಬರಿದಾಗಿ ಬಿಟ್ಟರೆ ಸೋಮವಾರ ಬೇರೆ ಮೇಸ್ತ್ರಿಯನ್ನು ಕಳಿಸುವುದಾಗಿ ಹೇಳಿದ. ಹಳೆಯವನು ಬರುವುದಿಲ್ಲವಂತೆ, ಅವನಿಗೆ ಹೆದರಿಕೆಯಂತೆ. ಕಲ್ಲಿನದೋ ಅತ್ತೆಯದೋ ಹೇಳಲಿಲ್ಲ.

ಆ ಭಾನುವಾರ ಅತ್ತೆ ಆರು ಗಂಟೆಗೇ ಪ್ಲಾಸ್ಟಿಕ್ ಕುರ್ಚಿ ಇಳಿಸಿ ಬರಿಗಲ್ಲಿನ ಪಕ್ಕ ಕೂತಳು. ಯಾರೇ ಬರಲಿ, ಹತ್ತು ಹೆಜ್ಜೆ ದೂರದಲ್ಲೇ ಪ್ರಕಟಣೆ: “ಗಮನಿಸಿ! ಕಲ್ಲು ಅಲುಗ್ತಾ ಇದೆ. ಕಲ್ಲು ಆಡುದು. ದಿ ಸ್ಟೋನ್ ಈಸ್ ಶೇಕಿಂಗ್!” ಒಬ್ಬ ವಯಸ್ಸಾದವರು ನಿಂತು, ಬೀಚ್ ಸ್ಟೇಷನ್ನಿಗೆ ಹೋಗುವ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದರು. ಅತ್ತೆ ಹೇಳಿಯೂ ಹೇಳಿದಳು!

ಒಂಬತ್ತಕ್ಕೆ ಅವಳು ಕಾಫಿ ತರಲು ಮೇಲೆ ಹೋದಳು. ಕಾವಲಿಗೆ ನಾನು. ಪ್ರಕಟಣೆ ನನ್ನ ಕೈಲಾಗುವ ಕೆಲಸವೇ? ಒಂದು ಕೈಯಲ್ಲಿ ಪುಸ್ತಕ ಹಿಡಿದು, ಯಾರಾದರೂ ಬಂದರೆ ಇನ್ನೊಂದು ಕೈಯನ್ನು ಟ್ರಾಫಿಕ್ ಪೊಲೀಸಿನಂತೆ ಮುಂದೆ ಚಾಚಿದೆ. ಇಬ್ಬರು ನನ್ನನ್ನು ಮೂಗಿಯೆಂದುಕೊಂಡು ಮರುಗಿದರು.

ಅತ್ತೆ ಎರಡು ಲೋಟ ಹಿಡಿದು ಇಳಿದು ಬಂದಳು. ನಗುತ್ತ, ನನ್ನನ್ನೇ ನೋಡುತ್ತ, ನೇರವಾಗಿ ಬಂದಳು. ನೇರವಾಗಿ ನಲವತ್ತೆರಡನೆಯ ಚಪ್ಪಡಿಯ ತುದಿಗೆ ಕಾಲಿಟ್ಟಳು.

“ಅತ್ತೇ!”

ನನ್ನ ಗಂಟಲಿನಲ್ಲಿ ಅಷ್ಟು ದನಿಯಿದೆಯೆಂದು ನನಗೇ ಗೊತ್ತಿರಲಿಲ್ಲ. ಕಲ್ಲು ಎದ್ದಿತು, ಅತ್ತೆ ವಾಲಿದಳು, ನಾನು ಹಾರಿ ತಬ್ಬಿಕೊಂಡೆ, ಇಬ್ಬರೂ ಹೊಸ ಹಾದಿಯ ಮೇಲೆ ಧೊಪ್ಪನೆ ಕೂತೆವು. ಒಂದು ಲೋಟದ ಕಾಫಿ ನನ್ನ ಕುರ್ತಾಕ್ಕೆ, ಇನ್ನೊಂದು ಯಾರದೋ ಇಸ್ತ್ರಿಯಾದ ಅಂಗಿಗೆ. ಎಲುಬು ಯಾವುದೂ ಮುರಿಯಲಿಲ್ಲ. ಸರಿಯಾಗಿ ಆಗಲೇ ಆಟೋದಿಂದ ಇಳಿದವರು ಅಪ್ಪ! ಭಾನುವಾರದ ತಪಾಸಣೆ.

“ಏನಾಯ್ತು? ಯಾರು ಬಿದ್ದಿದ್ದು?”

ಅತ್ತೆ ಬಾಯಿ ತೆರೆದಳು. ಯಾವ ಭಾಷೆಯೂ ಬರಲಿಲ್ಲ. ಇಸ್ತ್ರಿ ಗಾಡಿಯವನು ನನ್ನ ಮುಖ ನೋಡಿದ.

“ನಾನು” ಎಂದೆ. “ಓದ್ಕೊಂಡು ನಡೀತಿದ್ದೆ. ಅತ್ತೆ ಹಿಡ್ಕೊಂಡ್ರು.”

ನಾನು ಸುಳ್ಳು ಹೇಳುವವಳಲ್ಲ. ಅದಕ್ಕೇ ಇರಬೇಕು, ಅಪ್ಪ ಒಂದು ಕ್ಷಣವೂ ಅನುಮಾನಿಸಲಿಲ್ಲ. “ನೋಡ್ಕೊಂಡು ನಡೀಬಾರ್ದೇನೇ? ಸದ್ಯ, ನೀನಿದ್ದಿದ್ದಕ್ಕೆ ಆಯ್ತು ಅಕ್ಕ” ಎಂದರು. ಊಟ ಮಾಡಿ, ಅತ್ತೆಯ ಜಾಗರೂಕತೆಯನ್ನು ಹೊಗಳಿ, ಹೊರಟುಹೋದರು.

ಆಮೇಲೆ ನಾನು ಕೂತು ಯೋಚಿಸಿದೆ. ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಬಗ್ಗಿ ನೋಡಿದ ಕಲ್ಲು. ಮೂರು ಗಂಟೆ ಪಕ್ಕದಲ್ಲೇ ಕೂತು ಕಾದ ಕಲ್ಲು. ಅದರ ಮೇಲೇ ಹೇಗೆ ಕಾಲಿಟ್ಟಳು? ಆಗ ಬೆರಳಿನಷ್ಟು ದಪ್ಪವಾದ ಗೆರೆಗಳು ನೆನಪಾದವು. ಸಾಲು ತಪ್ಪಿದ ಚುಕ್ಕಿಗಳು, ಪ್ರತಿ ಸಭೆಗೂ ಮನೆಯಲ್ಲೇ ಉಳಿಯುವ ಕನ್ನಡಕ. ಬಿಳಿ ಗೆರೆಯಿಲ್ಲದ ಕಲ್ಲು ಅವಳಿಗೆ ಕಂಡೇ ಇರಲಿಲ್ಲ. ಊರಿಗೆಂದು ಹಾಕುತ್ತಿದ್ದ ರಂಗೋಲಿಯನ್ನು ಹಿಡಿದುಕೊಂಡೇ ಅವಳು ಊರು ಸುತ್ತುತ್ತಿದ್ದಳು.

“ಎಷ್ಟು ದಿನದಿಂದ ಅತ್ತೆ?” ಎಂದೆ.

ಅವಳು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. “ನಿಮ್ಮಪ್ಪಂಗೆ ಹೇಳ್ತೀಯಾ?”

“ಡಾಕ್ಟರಿಗೆ ಹೇಳ್ತೀನಿ. ಗುರುವಾರ ಹೋಗೋಣ.”

“ಗುರುವಾರ ಮೀಟಿಂಗಿದೆ.”

ಶುಕ್ರವಾರ ಎಂದಾಯಿತು.

ಸೋಮವಾರ ಹೊಸ ಮೇಸ್ತ್ರಿ ಬಂದು ನಲವತ್ತೆರಡನೆಯ ಚಪ್ಪಡಿಯನ್ನು ಕಿತ್ತು, ಮಣ್ಣು ತುಂಬಿ, ಗಟ್ಟಿಯಾಗಿ ಕೂರಿಸಿ ಹೋದ. ಬೀದಿಯ ಕೆಲಸ ಮುಗಿಯಿತು. ಉಳಿದದ್ದು ನಮ್ಮ ಕಟ್ಟಡದ ಮೆಟ್ಟಿಲು. ಹದಿನಾರು ಮೆಟ್ಟಿಲು, ಎಲ್ಲ ಒಂದೇ ಬೂದು ಬಣ್ಣ. ಅದು ಯಾವ ಸಮಿತಿಗೂ ಸೇರಿದ್ದಲ್ಲ.

ಮಂಗಳವಾರ ನಾನು ಅತ್ತೆಗಿಂತ ಮೊದಲು ಎದ್ದೆ. ಅವಳ ರಂಗೋಲಿ ಡಬ್ಬಿ ತೆಗೆದುಕೊಂಡು, ಕೆಳಗಿನಿಂದ ಮೇಲಕ್ಕೆ, ಪ್ರತಿ ಮೆಟ್ಟಿಲಿನ ಅಂಚಿಗೂ ಒಂದು ಬಿಳಿ ಗೆರೆ ಎಳೆದೆ. ಜೀವನದಲ್ಲಿ ಮೊದಲ ಸಲ. ಪುಡಿ ಬೆರಳ ಸಂದಿಯಿಂದ ತನಗೆ ಬೇಕಾದ ಕಡೆಗೆ ಹೋಯಿತು. ಮುಗಿಸಿ, ಗೋಡೆಗೆ ಒತ್ತಿಕೊಂಡು ಇಳಿದು, ಕಟ್ಟಡದ ಬಾಗಿಲ ಬಳಿ ಪುಸ್ತಕ ತೆರೆದು ನಿಂತೆ.

ಅತ್ತೆ ಮನೆಯ ಬಾಗಿಲು ತೆರೆದು ಒಂದು ಗಳಿಗೆ ಮೇಲೆಯೇ ನಿಂತಳು. ಆಮೇಲೆ ಕಂಬಿ ಹಿಡಿಯದೆ, ಗೋಡೆ ಮುಟ್ಟದೆ, ಹದಿನಾರೂ ಮೆಟ್ಟಿಲು ಇಳಿದು ಬಂದು ನನ್ನ ಪಕ್ಕ ನಿಂತಳು.

“ಗೆರೆ ಸೊಟ್ಟ ಕಣೇ” ಎಂದಳು.

ನಾನು ತಮಿಳಿಗೂ ಇಂಗ್ಲಿಷಿಗೂ ಕಾದೆ. ಅವಳು ಸೆರಗಿನ ತುದಿಯಿಂದ ನನ್ನ ಕೆನ್ನೆಗೆ ಅಂಟಿದ್ದ ಬಿಳಿ ಪುಡಿಯನ್ನು ಒರೆಸಿ, ಒಬ್ಬಳೇ ಬೀದಿಗಿಳಿದು ಹೋದಳು.