ಸೋದರತ್ತೆ ಹುರಿದ ಪ್ರಯೋಗ

ಕಲಿತ ವಿದ್ಯೆಯನ್ನು ಆಫೀಸಿನ ಮೇಜಿನ ಮೇಲೇ ಬಿಟ್ಟು ಮನೆಗೆ ಬರುವವನು ಸುಖಿ. ನನಗೆ ಆ ಬುದ್ಧಿ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನೊಂದು ಬೀಜ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ಭತ್ತವನ್ನು ಜಿಂಕ್ ಸಲ್ಫೇಟ್ ಬೆರೆಸಿದ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತಿದರೆ ಮೊಳಕೆ ಬೇಗ ಬರುತ್ತದೆ, ಸೊಂಪಾಗಿಯೂ ಬರುತ್ತದೆ ಎಂಬುದು ನಮ್ಮ ಸಾಹೇಬರ ಪ್ರಯೋಗ. ನೆನೆಸುವುದು, ಒಣಗಿಸುವುದು ಅಷ್ಟೇ ನನ್ನ ಕೆಲಸ. ಆದರೆ ಸಂಜೆ ಜಯನಗರದ ನಮ್ಮ ಮನೆಯಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಆ ಪ್ರಯೋಗ ಪೂರ್ತಿ ನನ್ನದೇ ಆಗಿಬಿಡುತ್ತಿತ್ತು.

ಆಗಲೇ ತಂಗಿ ಸುಮಿತ್ರಳ ಮದುವೆ ಗೊತ್ತಾಯಿತು. ಮದುವೆಗೆ ಮುಂಚೆ ಪಾಲಿಕೆಯೆಂಬ ಮಣ್ಣಿನ ಕುಡಿಕೆಗಳಲ್ಲಿ ಧಾನ್ಯ ಬಿತ್ತುವ ಶಾಸ್ತ್ರವಿದೆಯಲ್ಲ, ಗಂಡಿನ ಅಜ್ಜಿಗೆ ಅದೆಂದರೆ ಪ್ರಾಣ. "ಪಾಲಿಕೇಲಿ ಭತ್ತ ಮೊಳೀಲಿಲ್ಲ ಅಂದ್ರೆ ನಾನು ಮಂಟಪದ ಹತ್ರ ಬರಲ್ಲ" ಎಂದು ನಿಶ್ಚಿತಾರ್ಥದ ದಿನವೇ ಹೇಳಿಬಿಟ್ಟರು. ಅಜ್ಜಿ ಬರದಿದ್ದರೆ ತಾಳಿ ಕಟ್ಟುವ ಪೈಕಿಯಲ್ಲ ಮೊಮ್ಮಗ. ನಮ್ಮನೆಯಲ್ಲಿದ್ದದ್ದೋ ಯಾವ ಕಾಲದಿಂದಲೋ ಡಬ್ಬದಲ್ಲಿ ಕೂತಿದ್ದ ಭತ್ತ. ಅದು ಗೊಡ್ಡು ಎಂದು ನಾನೇ ತೀರ್ಪು ಕೊಟ್ಟೆ. ಅಮ್ಮ ಕಣ್ಣೀರು ಹಾಕಿದಳು. "ನಾನಿದೀನಲ್ಲಮ್ಮ" ಎಂದು ಧೈರ್ಯ ಹೇಳಿ, ಅದರಲ್ಲೇ ಒಂದಿಷ್ಟನ್ನು ತೆಗೆದು ಜಿಂಕ್ ನೀರಲ್ಲಿ ನೆನೆಸಿ, ಮೊರದಲ್ಲಿ ಹರವಿ, "ಇದು ಮದುವೆ ಭತ್ತ, ಜೋಪಾನ" ಎಂದು ಕೂಗಿ ಹೇಳಿ ಆಫೀಸಿಗೆ ಓಡಿದೆ. ಪಾಲಿಕೆ ತುಂಬುವ ಕೆಲಸವನ್ನು ಶ್ರೀನಗರದಿಂದ ಬಂದಿದ್ದ ಸೋದರತ್ತೆ ವಹಿಸಿಕೊಂಡಿದ್ದರು.

ಮೊಳೆಯಿತು ನೋಡಿ ಭತ್ತ! ನೋಡಿದವರ ದೃಷ್ಟಿ ತಾಗಬೇಕು, ಹಾಗೆ. ಬನಶಂಕರಿಯ ಛತ್ರದಲ್ಲಿ ನಾನೇ ಅಜ್ಜಿಯ ಕೈಹಿಡಿದು ಕರೆದೊಯ್ದು ತೋರಿಸಿದೆ. ಖನಿಜ, ಲವಣ, ಬೇರಿನ ಬಲ ಎಂದು ಸಣ್ಣ ಉಪನ್ಯಾಸವನ್ನೂ ಬಿಗಿದೆ. "ಭಾರಿ ಬುದ್ಧಿವಂತರಪ್ಪ ನೀವು" ಎಂದರು ಅಜ್ಜಿ. ನಾನು ಬೇಡವೆನ್ನಲಿಲ್ಲ.

ತಾಳಿ ಕಟ್ಟಿದ್ದಾಯಿತು. ಲಾಜಾಹೋಮಕ್ಕೆ ಪುರೋಹಿತರು ನನ್ನನ್ನು ಕರೆದರು. ತಂಗಿಯ ಬೊಗಸೆಗೆ ಅರಳು ಸುರಿಯುವುದು ಅಣ್ಣನ ಕೆಲಸ. ಅವಳು ಅದನ್ನು ಬೆಂಕಿಗೆ ಅರ್ಪಿಸಬೇಕು. ಅರಳು ಮಲ್ಲಿಗೆಯಂತಿತ್ತು. "ಚೆನ್ನಾಗಿದೆಯಲ್ಲ ಅತ್ತೆ, ಎಲ್ಲಿ ತಂದ್ರಿ?" ಎಂದೆ.

"ತರೋದೇನು ಬಂತು? ನೀನೇ ನೆನ್ಸಿ ಒಣಗ್ಸಿದ್ಯಲ್ಲೋ, ಅದೇ ಭತ್ತ. ಅರಳಿಗೆ ಅಂತ ಎಷ್ಟು ಹದವಾಗಿ ಇಟ್ಟಿದ್ದೆ ನೀನು! ಬಿಸಿ ಮರಳಲ್ಲಿ ಹುರಿದೆ. ಪಾಲಿಕೆಗೆ ಡಬ್ಬದ್ದನ್ನೇ ಹಾಲಲ್ಲಿ ನೆನ್ಸಿ ಹಾಕ್ದೆ."

ಸಾಹೇಬರ ಜಿಂಕ್ ಸಲ್ಫೇಟು ನನ್ನ ಕಣ್ಣೆದುರೇ ಅಗ್ನಿದೇವನ ಬಾಯಿಗೆ ಹೋಗುತ್ತಿತ್ತು! ಅತ್ತ ಪಾಲಿಕೆಯಲ್ಲಿ ತಲೆಯೆತ್ತಿ ನಿಂತಿದ್ದದ್ದು ನಾನು ಗೊಡ್ಡೆಂದಿದ್ದ ಭತ್ತ! ಇದನ್ನು ಅಜ್ಜಿ ಕೇಳಿಸಿಕೊಂಡರೇನು ಗತಿ? ಮೊರ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು. "ಸುರೀರಿ ಸ್ವಾಮಿ, ಹೊತ್ತಾಗತ್ತೆ" ಎಂದು ಪುರೋಹಿತರು ಗದರಿದರು. ಹೊಗೆಗೋ ಗಾಬರಿಗೋ ಕಣ್ಣಲ್ಲಿ ನೀರು ಬೇರೆ.

"ಪಾಪ, ತಂಗಿ ಹೋಗ್ತಾಳೆ ಅಂತ ಸಂಕಟ" ಎಂದು ಅಜ್ಜಿ ತಮ್ಮ ಕಣ್ಣನ್ನೂ ಒರೆಸಿಕೊಂಡರು. ಸದ್ಯ, ಏನೂ ಕೇಳಿಸಿರಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಬಂದು, "ನಮ್ಮ ಮೊಮ್ಮಗಳ ಮದುವೇಗೂ ನಿಮ್ಮ ಕೈಯಿಂದಾನೇ ಭತ್ತ ನೆನೆಸಿಕೊಡ್ಬೇಕು" ಎಂದರು.

ಕೊಟ್ಟೆ. ಅಲ್ಲೂ ಪಾಲಿಕೆ ತುಂಬ ಹಸಿರು. ನೆನೆಸಿದ್ದು ಸೋದರತ್ತೆ, ಹಾಲಿನಲ್ಲಿ. ಉಪನ್ಯಾಸ ಮಾತ್ರ ನನ್ನದೇ.